ಅಡ್ಡಹೆಸರಿಲ್ಲದ ಇಬ್ಬರು ಯಂಕಪ್ಪಂದಿರು

ಜುಲೈ 7, ಸೋಮವಾರ

ಸಾನಪಾಡಾದಿಂದ ಮಹಾಪೆಯ ಆಫೀಸಿನವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕುರ್ಚಿ ಎಳೆದುಕೊಳ್ಳುವ ಮೊದಲೇ ದೂರು. ಭಿವಂಡಿಯ ಗೋದಾಮಿಗೆ ನಾವು ಬರೆದುಕೊಟ್ಟ ಗೇಟ್ ಪಾಸ್ ಪ್ರೋಗ್ರಾಂ ಯಂಕಪ್ಪನೆಂಬ ಹಮಾಲನನ್ನು ಒಳಬಿಡುತ್ತಿಲ್ಲ. ಅವನು ಈಗಾಗಲೇ ಒಳಗಿದ್ದಾನಂತೆ. ಒಳಗಿರುವವನು ಇನ್ನೊಬ್ಬ ಯಂಕಪ್ಪ. ಇಬ್ಬರೂ ರಾಯಚೂರಿನವರು, ಇಬ್ಬರಿಗೂ ಅಡ್ಡಹೆಸರಿಲ್ಲ.

ಕಾರಣ ಹುಡುಕಿದವಳು ನನ್ನ ಟ್ರೈನಿ ದಾನೇಶ್ವರಿ. ಅಡ್ಡಹೆಸರಿನ ಜಾಗ ನಲ್ ಆಗಿದ್ದರೆ — ಏನೂ ತುಂಬದೆ ಉಳಿದಿದ್ದರೆ — ನಮ್ಮ ಹೆಲ್ಪರ್ ಮೆಥಡ್, ಅಂದರೆ ಪ್ರೋಗ್ರಾಂನೊಳಗಿನ ಒಂದು ಪುಟ್ಟ ತುಣುಕು, ಅಲ್ಲಿ ‘ಎನ್ಎ’ ಎಂದು ಬರೆದುಬಿಡುತ್ತದೆ. ಯಂಕಪ್ಪ ಎನ್ಎ, ಯಂಕಪ್ಪ ಎನ್ಎ. ಪ್ರೋಗ್ರಾಂಗೆ ಇಬ್ಬರೂ ಒಬ್ಬನೇ. ಆ ಮೆಥಡ್‌ಗೆ ಇಟ್ಟ ಹೆಸರು ‘ಸೇಫ್‌ನೇಮ್’. ಯಾರಿಗೆ ಸೇಫ್?

ಜುಲೈ 8

ಮ್ಯಾನೇಜರ್ ಕಶ್ಯಪ, ಎಲ್ಲರಿಗೂ ಅಡ್ಡಹೆಸರಿರುವ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು. ಅಡ್ಡಹೆಸರಿಲ್ಲದ ಮನುಷ್ಯರಿರುವುದನ್ನೇ ಒಪ್ಪಲಿಲ್ಲ. ಎರಡನೆಯವನಿಗೆ ಪಾಟೀಲ್ ಎಂದು ಹಾಕಿ ಮುಗಿಸಿ ಎಂದ... ದಾನೇಶ್ವರಿ ಅಲ್ಲೇ ನಿಂತಿದ್ದಳು. ಅವಳಿಗೂ ಅಡ್ಡಹೆಸರಿಲ್ಲ. ಅವಳ ಐಡಿ ಕಾರ್ಡಿನಲ್ಲಿ ‘ದಾನೇಶ್ವರಿ ದಾನೇಶ್ವರಿ’ ಎಂದಿದೆ. ಖಾಲಿ ಜಾಗ ಸಹಿಸದ ಇನ್ನೊಂದು ಪ್ರೋಗ್ರಾಂನ ಕೃಪೆ.

ಸಂಜೆಯೊಳಗೆ ಹೊಸ ಮೆಥಡ್ ಬರೆದಳು. ಖಾಲಿಯನ್ನು ಖಾಲಿಯಾಗಿಯೇ ಉಳಿಸುತ್ತದೆ. ಇಬ್ಬರ ಅಡ್ಡಹೆಸರೂ ತಿಳಿದಿದ್ದರಷ್ಟೇ ಹೋಲಿಸುತ್ತದೆ; ಇಲ್ಲವಾದರೆ ಪಾಸ್ ನಂಬರ್ ನೋಡುತ್ತದೆ.

“ಇಬ್ಬರದೂ ಗೊತ್ತಿಲ್ಲಂದ್ರ ಸೇಮ್ ಹೆಂಗ್ರಿ ಮೇಡಮ್? ಐಸಾ ಥೋಡೀ ಹೋತಾ ಹೈ.”

ಅದಕ್ಕೆ ಅವಳಿಟ್ಟ ಹೆಸರು ‘ಸೇಮ್‌ಓನ್ಲಿಇಫ್‌ಬೋತ್‌ನೋನ್’. ಎರಡೂ ಗೊತ್ತಿದ್ದರಷ್ಟೇ ಒಂದೇ — ಮಾಡುವುದನ್ನೇ ಹೇಳುವ ಹೆಸರು. ಇಂತಹ ಮಕ್ಕಳಿಗಾಗಿಯೇ ನಾನಿನ್ನೂ ಈ ಕೆಲಸದಲ್ಲಿದ್ದೇನೆ.

ಜುಲೈ 11

ಅವಳ ಕೋಡ್ ಕಶ್ಯಪನ ಒಪ್ಪಿಗೆಗೆ ಕಾದು ರಿವ್ಯೂನಲ್ಲೇ ಕೊಳೆಯಿತು. ಇಂದು ಅವನು ಮೀಟಿಂಗಿನಲ್ಲಿ ಮೆಥಡ್‌ನ ಹೆಸರನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ.

“ಹೆಸರಾ ಇದು, ಪಂದ್ರಾ ಡಬ್ಬಾ ಲೋಕಲ್ ಟ್ರೇನಾ? ಎಷ್ಟುದ್ದ! ರೆಹನೇ ದೋ, ಸೇಫ್‌ನೇಮೇ ಸಾಕು.”

ದಾನೇಶ್ವರಿ ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಇದಕ್ಕಾಗಿ ಕಶ್ಯಪನನ್ನು ನಾನು ಕ್ಷಮಿಸಲಾರೆ. ವಾರವಿಡೀ ಒಬ್ಬ ಮನುಷ್ಯ ಕೆಲಸವಿಲ್ಲದೆ ಗೇಟಿನ ಹೊರಗೆ ನಿಂತಿದ್ದಾನೆ; ಇವರಿಗೆ ನಗು.

ಅಪ್ರೂವ್ ಮಾಡುವ ಅಧಿಕಾರ ನನಗೂ ಇದೆ. ಒತ್ತಿದೆ.

ಜುಲೈ 12, ಬೆಳಿಗ್ಗೆ, ಭಿವಂಡಿ

ಗೇಟಿನೆದುರಿನ ಚಹಾದಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ದಾನೇಶ್ವರಿ, ಚಹಾ ಮುಟ್ಟಿಲ್ಲ. ಮೊದಲ ಯಂಕಪ್ಪ ಗೇಟಿನ ಯಂತ್ರದ ಮೇಲೆ ಕಾರ್ಡು ಇಟ್ಟ — ಹಸಿರು ದೀಪ. ಎರಡನೆಯವನು ಕಾರ್ಡನ್ನು ಅಂಗಿಗೆ ಒರೆಸಿ, ಹಿಂಜರಿದು, ಇಟ್ಟ.

ಹಸಿರು.

ಮತ್ತೆ ಯಾರಾದರೂ ತಡೆದಾರೆಂಬಂತೆ ಒಳಗೆ ಓಡಿಯೇ ಹೋದ. ದಾನೇಶ್ವರಿ ಈಗ ಚಹಾ ಕುಡಿಯುತ್ತಿದ್ದಾಳೆ, ಆರಿದ್ದನ್ನೇ.

ಕಶ್ಯಪನ ಫೋನ್. ಅಪ್ರೂವ್ ಮಾಡಿದವರು ಯಾರೆಂದು ಕೇಳುವನು. ಹೇಳುವೆ: ಜಯಲತಾ ಶೆಟ್ಟಿ, ಅಡ್ಡಹೆಸರು ಸಮೇತ. ಆದರೆ ತಪ್ಪು ಹೊರಿಸಲು ಹುಡುಗಿಯ ಹೆಸರೆತ್ತಿದನೋ, ಬಿಡುವವಳಲ್ಲ ನಾನು.