ಅಜ್ಜ ಕೆತ್ತುವ ತೇಗ

ಜೆಬೆಲ್ ಅಲಿ, 10-2-2014

ಪ್ರೀತಿಯ ಮಾಮ, ಅಸ್ಸಲಾಮು ಅಲೈಕುಂ.

ನಾಝಿಯಾ ಫ್ರೆಂಚ್ ತರಗತಿಯಲ್ಲಿ ತೇಗದ ಬಗ್ಗೆ ಮಾತಾಡಲಿದ್ದಾಳೆ. ನಿಮ್ಮ ಮಗಳು ಜುಬೈದ ಕಳೆದ ವಾರ ನನಗೆ ತಿಳಿಸಿದಳು. ಮರವೋ ಕಲ್ಲೋ, ಒಂದರ ಫ್ರೆಂಚ್ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಂತೆ. ತೇಗದ ಹೆಸರು ಬರ್ಮಾದ್ದೆಂದು ನಾನು ಹೇಳಿಕೊಟ್ಟಿದ್ದೆ. ನಮ್ಮ ಗೋದಾಮಿಗೆ ಬರುವ ತೇಗದ ಮೇಲೆಲ್ಲ ಹಾಗೇ ಬರೆದಿರುತ್ತದೆ. ನಾಝಿಯಾ ನಿಘಂಟು ತೆರೆದು ತೋರಿಸಿದಳು. ಫ್ರೆಂಚರ ‘ತೆಕ್’ ಪೋರ್ಚುಗೀಸರಿಂದ ಬಂದದ್ದು, ಪೋರ್ಚುಗೀಸರಿಗೆ ಅದು ಸಿಕ್ಕಿದ್ದು ಮಲಯಾಳದ ‘ತೇಕ್ಕು’ವಿನಿಂದ, ಅಂದರೆ ನಮ್ಮ ಕರಾವಳಿಯ ಕಡೆಯಿಂದಲೇ.

“ಹಾಗಾದ್ರೆ ಅದು ಅಜ್ಜ ಕೆತ್ತುವ ಮರ ಅಲ್ವಾ? ಪಪ್ಪಾ, ಯೂ ವರ್ ರಾಂಗ್” ಎಂದಳು.

ಕುರ್‌ಆನ್ ಇಡಲು ನೀವು ತೇಗದ ಒಂದೇ ಹಲಗೆಯಲ್ಲಿ, ಮೊಳೆಯಿಲ್ಲದೆ ಕೆತ್ತಿ ತಂದಿದ್ದ ರೇಹಲನ್ನು ಕಳೆದ ವರ್ಷ ಅವಳು “ಓಲ್ಡ್ ಫ್ಯಾಶನ್” ಎಂದದ್ದು, ನೀವು ಅದನ್ನು ಊರಿಗೆ ಮರಳಿ ಒಯ್ದದ್ದು ನನಗೆ ನೆನಪಿದೆ. ಅಂದಿನಿಂದ ಫೋನಿನಲ್ಲಿ ಅವಳ ಹೆಸರೆತ್ತಿದರೆ ನೀವು ಮೀನಿನ ಸುದ್ದಿ ತೆಗೆಯುತ್ತೀರಿ. ಅದಕ್ಕೇ ಈ ಕಾಗದ.

ಆ ರೇಹಲ್ ಈಗ ಅವಳಿಗೆ ತರಗತಿಯಲ್ಲಿ ತೋರಿಸಲು ಬೇಕು. “ಅಜ್ಜನಿಗೆ ಇನ್ನೂ ಕೋಪ ಉಂಟಾ?” ಎಂದು ಕೇಳಿದಳು. “ನೀನೇ ಕೇಳು” ಎಂದೆ. ಕೊನೆಯ ಸಾಲು ಅವಳದೇ ಬರಹ. ಕನ್ನಡ ಅಕ್ಷರ ಕಲಿಸಲು ಜುಬೈದಳಿಗೆ ಎರಡು ಸಂಜೆ ಬೇಕಾಯಿತು.

ಕಾಗದ ತಂದ ನನ್ನ ತಮ್ಮ ಅದ್ದುವಿನ ಕೈಯಲ್ಲಿ ಕೊಟ್ಟರೆ ಸಾಕು. ಎಣ್ಣೆ ಹಚ್ಚಬೇಡಿ, ಅವನ ಬಟ್ಟೆಗೆ ಹಿಡಿಯುತ್ತದೆ. ಅವನು 27ರ ಗುರುವಾರ ಮಂಗಳೂರಿನಿಂದ ಹೊರಡುತ್ತಾನೆ. ನಾಝಿಯಾಳ ಸರದಿ ಆಮೇಲಿನ ಭಾನುವಾರ, ಮೂರನೇ ಪೀರಿಯಡ್; ಇಲ್ಲಿ ಗಲ್ಫಿನಲ್ಲಿ ಭಾನುವಾರ ಶಾಲೆ ಉಂಟಲ್ಲ.

ನಿಮ್ಮ ಅಳಿಯ,
ಸವಾದ್

ಅಜ್ಜ, ತಪ್ಪು ನನ್ನದು. ಈ ಸಲ ವಾಪಸ್ ಕೊಡುವುದಿಲ್ಲ.