ನಮ್ಮ ರಾಜ್ಯದ ಹವಾಮಾನ ನಮ್ಮ ಮನೆಗೆ ಬಂದ ದಿನ

ಪ್ರೀತಿಯ ಸೆಲೀನಾ,

ಇವತ್ತು ಸಂಜೆ ಐದು ಗಂಟೆಯ ಸುದ್ದಿಯಲ್ಲಿ ನೀನು ನಮ್ಮ ಮನೆಗೆ ಬಂದೆ! ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಅಜ್ಜಿಯ ದೊಡ್ಡ ಟಿವಿಯಲ್ಲಿ, ತಲೆಯಿಂದ ಮೊಣಕಾಲಿನವರೆಗೆ ನಿಂತು ಕೊಲೊರಾಡೋದ ಹವಾಮಾನ ಹೇಳಿದೆ. ಫೋನ್ ಮಾಡಿ ಹೇಳೋಣವೆಂದರೆ ಕೂಗಾಡಿ ಗಂಟಲು ಕಟ್ಟಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಇಷ್ಟು ದಿನ ನಾವು ಇಲ್ಲಿ ಏನೇನು ಮಾಡಿದೆವೆಂದು ನಿನಗೆ ಪೂರ್ತಿ ಹೇಳಿರಲಿಲ್ಲ. ನಮ್ಮ ಪ್ರಯತ್ನ ಫಲಿಸದೇ ಹೋದರೆ ಡೆನ್ವರ್‌ನಲ್ಲಿ ನೀನು ಕ್ಯಾಮೆರಾದ ಮುಂದೆ ನಿಂತಾಗಲೆಲ್ಲ ನಿನಗೆ ಅದೇ ಕೊರಗಾಗುತ್ತದೆ ಎಂದು ಬಾಯಿ ಬಿಗಿಹಿಡಿದಿದ್ದೆ.

ನಿನಗೆ ಆ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ತಿಳಿದ ದಿನ ನಿನ್ನ ಅಜ್ಜಿ ಇಡೀ ಕಣಿವೆಗೆ ಸುದ್ದಿ ಮುಟ್ಟಿಸಿದಳು. ಅದೇ ವಾರ ಕಣ್ಣಿನ ವೈದ್ಯರು ಅವಳಿಗೆ ಬೇರೆ ಸುದ್ದಿ ಕೊಟ್ಟಿದ್ದರು. ನೋಟದ ನಡುಭಾಗ ಮಸುಕಾಗುತ್ತಿದೆ, ನಿಧಾನಕ್ಕೆ ಹೆಚ್ಚುತ್ತದೆ, ಅಂಚಿನಲ್ಲಿ ಮಾತ್ರ ಕಾಣುತ್ತಿರುತ್ತದೆ ಎಂದು. ನನ್ನಮ್ಮ ಅತ್ತಿರಲಿಲ್ಲ. ಕಾರಿನಲ್ಲಿ ಬರುವಾಗ ನನಗೆ ಒಂದೇ ಮಾತು ಹೇಳಿದಳು: "ಪೂರ್ತಿ ಹೋಗೋದ್ರೊಳಗೆ ಸೆಲೀನಾನ ಟಿವಿಯಲ್ಲಿ ನೋಡ್ಬಿಡ್ತೀನಿ ಕಣೇ ಒರ್ಲಿಂದಾ. ಆಮೇಲೆ ಏನಾದ್ರೂ ಆಗ್ಲಿ."

ನೀನು ಕಳಿಸಿದ ವಿಡಿಯೊಗಳನ್ನು ತೋರಿಸಿದೆ. ನಮ್ಮ ಕಣಿವೆಯ ಇಂಟರ್ನೆಟ್ ನಿನಗೆ ಗೊತ್ತೇ ಇದೆ, ನೀನು ಬಾಯಿ ತೆರೆದರೆ ಮುಚ್ಚುವಷ್ಟರಲ್ಲಿ ಕಾಫಿ ಕುದಿಯುತ್ತಿತ್ತು. ಅಂಗೈಯಷ್ಟು ಪರದೆಯಲ್ಲಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಸೋತೆನೆಂದು ಒಪ್ಪುವವಳೇ ಅವಳು? "ಫೋನಿನಲ್ಲಿ ಎಲ್ಲಾರೂ ಬರ್ತಾರೆ, ಪ್ರೂದೆನ್ಸಿಯಾಳ ಕತ್ತೆನೂ ಬಂದಿತ್ತು" ಎಂದು ತಳ್ಳಿಬಿಟ್ಟಳು. ಪಕ್ಕದ ಮನೆಯ ಪ್ರೂದೆನ್ಸಿಯಾ ಬಿಡುತ್ತಾಳೆಯೇ? ದಿನವೂ ಬೇಲಿಯ ಮೇಲಿಂದ, "ಏನ್ರೀ ಎಯುಫೆಮಿಯಾ, ನಿಮ್ಮ ಮೊಮ್ಮಗಳು ಇವತ್ತಾದ್ರೂ ಟಿವಿಗೆ ಬಂದ್ಲಾ, ಇಲ್ಲಾ ಇನ್ನೂ ದಾರಿಯಲ್ಲೇ ಇದಾಳಾ?" ಎಂದು ಕೇಳುವಳು.

ತೊಂದರೆ ಏನೆಂದು ನಿನಗೆ ಗೊತ್ತು. ನಮ್ಮ ಕೌಂಟಿ ಇರುವುದು ಕೊಲೊರಾಡೋದಲ್ಲಿ. ಆದರೆ ಟಿವಿಯವರು ದೇಶವನ್ನು ಹಂಚಿಕೊಂಡಾಗ, ಡೆನ್ವರ್‌ಗೂ ನಮಗೂ ನಡುವೆ ಬೆಟ್ಟಸಾಲು ಇದೆಯೆಂದು ನಮ್ಮನ್ನು ನ್ಯೂ ಮೆಕ್ಸಿಕೋದ ಆಲ್ಬುಕರ್ಕೀ ಪಾಲಿಗೆ ಸೇರಿಸಿದರು. ಡಿಶ್ ಹಾಕಿಸಿಕೊಂಡರೆ ಆ ಊರಿನ ಸ್ಥಳೀಯ ಚಾನೆಲ್ಲುಗಳೇ ನಮಗೆ ಸ್ಥಳೀಯ. ಡೆನ್ವರ್ ಹೊರಗಿನದು. ಹೊರಗಿನದನ್ನು ಕೊಡಲು ಡಿಶ್ ಕಂಪನಿಗೆ ಕಾನೂನು ಬಿಡುವುದಿಲ್ಲ. ಚುನಾವಣೆ ಬಂದರೆ ನಾವು ನೋಡುವುದು ಪಕ್ಕದ ರಾಜ್ಯದ ಜಾಹೀರಾತು. "ನನಗೆ ಗುರುತಿರೋದು ಅವನೊಬ್ಬನೇ, ಅವನಿಗೇ ಹಾಕ್ತೀನಿ" ಎಂದು ಅಮ್ಮ ನ್ಯೂ ಮೆಕ್ಸಿಕೋದ ಅಭ್ಯರ್ಥಿಯ ಹೆಸರನ್ನು ನಮ್ಮ ಮತಪತ್ರದಲ್ಲಿ ಹುಡುಕಿದ್ದು ಸುಳ್ಳಲ್ಲ. ಅಲ್ಲಿಯ ಹವಾಮಾನದವನ ನಕ್ಷೆಯಲ್ಲಿ ನಾವು ಮೇಲಿನ ಅಂಚು. ಅವನು ಕೈ ಎತ್ತಿದರೆ ಅವನ ಮೊಣಕೈಯ ಹಿಂದೆ ಮರೆಯಾಗುತ್ತಿದ್ದೆವು.

ಮೊದಲು ನಿಯಮದ ಪ್ರಕಾರ ಕೇಳಿದೆ. ಆಲ್ಬುಕರ್ಕೀ ಚಾನೆಲ್ಲಿನವರು ನಮ್ಮನ್ನು ಬಿಟ್ಟುಕೊಡಲು ಒಪ್ಪಬೇಕಿತ್ತು. ಒಪ್ಪಲಿಲ್ಲ. ನಮ್ಮ ಮನೆಗೆ ತಮ್ಮ ಸಿಗ್ನಲ್ ಚೆನ್ನಾಗಿಯೇ ತಲುಪುತ್ತದೆ ಎಂದು ಬರೆದರು. ತಲುಪುತ್ತಿತ್ತು, ನಿಜ. ಬೇಡವಾದದ್ದು ತಲುಪುವುದೇ ನಮ್ಮ ದೂರು ಎಂದು ಹೇಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಆಗ ನಿನ್ನ ಉಬಾಲ್ಡೋ ಮಾವನಿಗೆ ಬುದ್ಧಿ ಓಡಿತು. ಅರ್ಧ ದೇಶವೇ ಮಾಡುವ ಉಪಾಯ ಅದು. ಡಿಶ್ ಕಂಪನಿಗೆ ಫೋನ್ ಮಾಡಿ, "ನಾವು ಡೆನ್ವರ್‌ಗೆ ಮನೆ ಬದಲಾಯಿಸಿದ್ವಿ" ಎಂದು ಅಲ್ಲಿರುವ ತನ್ನ ತಮ್ಮನ ವಿಳಾಸ ಕೊಟ್ಟ. ಅವರು ಸಂತೋಷದಿಂದ ಬದಲಾಯಿಸಿದರು. ನಾವು ಅಮ್ಮನನ್ನು ಕೂರಿಸಿ, ಪ್ರೂದೆನ್ಸಿಯಾಳನ್ನು ಕರೆದು, ಬಿಸಿ ಬಿಸಿ ಪೊಸೋಲೆ ಸಾರು ಬಡಿಸಿ ಕಾದೆವು. ಕಂಡದ್ದು ಕಪ್ಪು ಪರದೆ. ಡೆನ್ವರ್‌ನ ಚಾನೆಲ್ಲುಗಳನ್ನು ಉಪಗ್ರಹ ಇಡೀ ದೇಶದ ಮೇಲೆ ಸುರಿಯುವುದಿಲ್ಲವಂತೆ, ಟಾರ್ಚಿನ ಬೆಳಕಿನ ಹಾಗೆ ಡೆನ್ವರ್‌ನ ಸುತ್ತ ಮಾತ್ರ ಬಿಡುತ್ತದಂತೆ. ಕಂಪನಿಗೆ ಸುಳ್ಳು ಹೇಳಬಹುದು, ಉಪಗ್ರಹಕ್ಕೆ ಹೇಳಲಾಗುವುದಿಲ್ಲ. ಡೆನ್ವರ್ ಬರಲಿಲ್ಲ, ಆಲ್ಬುಕರ್ಕೀಯೂ ಹೋಯಿತು. ಅದರ ಜೊತೆ ಅಮ್ಮನ ಭಾನುವಾರದ ಟಿವಿ ಪೂಜೆಯೂ ಹೋಯಿತು. "ಮೊಮ್ಮಗಳೂ ಇಲ್ಲ, ಪಾದ್ರಿನೂ ಇಲ್ಲ. ಒಳ್ಳೇ ಅಳಿಯನ್ನ ಹುಡುಕಿದೀಯ" ಎಂದು ಅಮ್ಮ ನನಗೆ ಹೇಳಿದಳು, ಅವನಿಗೆ ಕೇಳುವ ಹಾಗೆ.

ಅಷ್ಟಕ್ಕೇ ಬಿಟ್ಟನೇ ಅವನು? ಊರೂರು ಸುತ್ತುವ ಮನೆಗಾಡಿಗಳಿಗೆ ನಿಯಮದಲ್ಲಿ ರಿಯಾಯಿತಿ ಇದೆ, ಅವಕ್ಕೆ ಹೊರಗಿನ ಚಾನೆಲ್ ಕೊಡಬಹುದು ಎಂದು ಯಾರಿಂದಲೋ ತಿಳಿದು ಬಂದ. ನಮ್ಮ ಹಿತ್ತಲಿನಲ್ಲಿ ಕೋಳಿ ಮಲಗುವ ಹಳೆಯ ಮನೆಗಾಡಿ ಇದೆಯಲ್ಲ, ಅದರ ಮೇಲೆ ಡಿಶ್ ಕೂರಿಸಿದ. ಗಾಡಿ ಪ್ರಯಾಣಕ್ಕೆ ಬಳಕೆಯಲ್ಲಿದೆ ಎಂದು ಸಹಿ ಮಾಡಬೇಕಿತ್ತು. ಸುಳ್ಳು ಸಹಿ ಆಗಬಾರದೆಂದು ಚಕ್ರಕ್ಕೆ ಗಾಳಿ ತುಂಬಿಸಿ, ಟ್ರ್ಯಾಕ್ಟರಿಗೆ ಕಟ್ಟಿ, ಅಂಗಳಕ್ಕೆ ಒಂದು ಸುತ್ತು ಹೊಡೆಸಿದ. "ಆಯ್ತು, ಪ್ರಯಾಣ ಮುಗೀತು" ಎಂದು ಇಳಿದ. ಒಳಗಿದ್ದ ಕೋಳಿಗಳೂ ಇಳಿದವು.

ಈ ಸಲ ಚಿತ್ರ ಬಂತು ಮಾರಾಯ್ತಿ, ಕನ್ನಡಿಯಂಥ ಚಿತ್ರ! ಆದರೆ ಬಂದದ್ದು ನ್ಯೂಯಾರ್ಕ್. ಮನೆಗಾಡಿಯವರಿಗೆ ಕೊಡುವ ಹೊರಗಿನ ಚಾನೆಲ್ ಎಂದರೆ ಅದೇ ಅಂತೆ. ಆ ಚಳಿಗಾಲವೆಲ್ಲ ನಿನ್ನ ಅಜ್ಜಿ ಕಂಬಳಿ ಹೊದ್ದು, ಆ ಗಾಡಿಯಲ್ಲಿ ಕುಳಿತು ನ್ಯೂಯಾರ್ಕಿನ ರಸ್ತೆ ಸುದ್ದಿ ಕೇಳಿದಳು. ಊಟಕ್ಕೆ ಕರೆದರೆ, "ತಡಿಯೇ, ಪಾಪ, ಆ ಸೇತುವೆ ಮೇಲೆ ನಿಂತೋರು ಮನೆ ಸೇರಿದ್ರೋ ಇಲ್ವೋ ನೋಡ್ತೀನಿ" ಎನ್ನುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಆ ಚಳಿಗಾಲದ ಕೊನೆಗೆ ಒಂದು ದಿನ ನಾನು ಗಾಡಿಯ ಬಾಗಿಲಲ್ಲಿ ನಿಂತಾಗ ಅವಳು ನನ್ನತ್ತ ತಿರುಗಿ, ನಿನ್ನ ತಾಯಿಯ ಹೆಸರು ಹಿಡಿದು ಕರೆದಳು. ನಾನು ಮಾತಾಡಿದ ಮೇಲೆಯೇ ಯಾರೆಂದು ಗೊತ್ತಾದದ್ದು. ಆ ದಿನ ಉಬಾಲ್ಡೋನ ಉಪಾಯಗಳು ಸಾಕೆಂದು ತೀರ್ಮಾನಿಸಿದೆ.

ಕೌಂಟಿಯ ಆಡಳಿತವೇ ವಾಷಿಂಗ್ಟನ್ನಿನ ಪ್ರಸಾರ ಆಯೋಗಕ್ಕೆ ಅರ್ಜಿ ಹಾಕಿದರೆ ಹಂಚಿಕೆ ಬದಲಾಗಬಹುದು ಎಂದು ಪತ್ರಿಕೆಯಲ್ಲಿ ಓದಿದ್ದೆ. ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಅರ್ಧದಷ್ಟು ಜನ ಡೆನ್ವರ್ ತಂಡದ ಕಿತ್ತಳೆ ಅಂಗಿ ಹಾಕಿಕೊಂಡು ತಮ್ಮ ತಂಡದ ಫುಟ್ಬಾಲ್ ಪಂದ್ಯ ಟಿವಿಯಲ್ಲಿ ಸಿಗಲೆಂದು ಬಂದಿದ್ದರು. ಕಾಡಿಗೆ ಬೆಂಕಿ ಬಿದ್ದಾಗ ಯಾವ ರಸ್ತೆ ಮುಚ್ಚಿದೆಯೆಂದು ಯಾವ ಚಾನೆಲ್ಲೂ ಹೇಳಲಿಲ್ಲ ಎಂದು ಕೆಲವರು ಎದ್ದು ಹೇಳಿದರು. ಅಮ್ಮನ ಸರದಿ ಬಂತು. ಎದ್ದಳು. ಸೆಲೀನಾ, ಹುಟ್ಟಿದಾಗಿನಿಂದ ನಾನು ಕಂಡಿರದ ದೃಶ್ಯ ಅದು: ನಿನ್ನ ಅಜ್ಜಿಗೆ ಮಾತು ಹೊರಡಲಿಲ್ಲ. ಆಗ ಪಕ್ಕದಲ್ಲಿದ್ದ ಪ್ರೂದೆನ್ಸಿಯಾ ಅವಳ ತೋಳು ಹಿಡಿದು ತಾನೇ ಶುರುಮಾಡಿದಳು. "ಸ್ವಾಮಿ, ಇವಳ ಮೊಮ್ಮಗಳು ಟಿವಿಯಲ್ಲಿ ಬರ್ತಾಳೆ ಅಂತ ಕೇಳಿ ಕೇಳಿ ನನ್ನ ಕಿವಿ ಹೋಯ್ತು. ಇವಳ ಕಣ್ಣು ಹೋಗೋ ಮುಂಚೆ ಆ ಚಾನೆಲ್ ಕೊಡ್ಸಿ. ಅವಳು ಒಂದ್ಸಲ ನೋಡ್ಲಿ, ನಾನು ಬಾಯಿ ಮುಚ್ಕೋತೀನಿ." ಸಭೆಯೆಲ್ಲ ನಕ್ಕಿತು. ಅರ್ಜಿ ಕಳಿಸಲು ಎಲ್ಲರೂ ಕೈ ಎತ್ತಿದರು.

ಅರ್ಜಿ ಹೋಯಿತು, ಆಕ್ಷೇಪಣೆ ಬಂತು, ಉತ್ತರ ಹೋಯಿತು. ಆಯೋಗ ನಮ್ಮ ಕಡೆಗೇ ತೀರ್ಪು ಕೊಟ್ಟಿತು. ಆದರೂ ಉಪಗ್ರಹದ ಬೆಳಕು ನಮ್ಮ ಕಣಿವೆಯವರೆಗೆ ಚಾಚಬೇಕಲ್ಲ? ಅದಕ್ಕೆ ಕಂಪನಿಯ ಹೊಸ ಉಪಗ್ರಹ ಮೇಲೇರಬೇಕಿತ್ತು. ಅದು ಏರಿತು. ನಿನ್ನ ಚಾನೆಲ್ಲಿನವರು ಒಪ್ಪಿಗೆಗೆ ಸಹಿ ಹಾಕಬೇಕಿತ್ತು. ಹಾಕಿದರು. ಅಷ್ಟರಲ್ಲಿ ಅಮ್ಮ ಕಣ್ಣಳತೆ ಬಿಟ್ಟು ಗೋಡೆ ಮುಟ್ಟಿಕೊಂಡು ನಡೆಯಲು ಕಲಿತಿದ್ದಳು. ಇಷ್ಟೆಲ್ಲ ಆಗಿಯೂ ತಡವಾಯಿತೇನೋ ಎಂಬ ಹೆದರಿಕೆ ನನಗಿತ್ತು.

ಇವತ್ತು ಐದಕ್ಕೆ ಮುಂಚೆಯೇ ಅವಳು ಚರ್ಚಿಗೆ ಹೋಗುವ ಕಪ್ಪು ಲಂಗ ಉಟ್ಟು ಟಿವಿಗೆ ಓರೆಯಾಗಿ ಕುಳಿತಳು. ಈಗ ಅವಳು ಯಾವುದನ್ನಾದರೂ ನೋಡಬೇಕೆಂದರೆ ಮುಖ ಬೇರೆಡೆ ತಿರುಗಿಸಬೇಕು. ನೀನು ಬಂದೆ. ನಾನು ಕಿರುಚಿದೆ. ಉಬಾಲ್ಡೋ ಟೋಪಿ ತೆಗೆದ. ಪ್ರೂದೆನ್ಸಿಯಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅಮ್ಮ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಅಲ್ಲಾಡದೆ ಕುಳಿತಿದ್ದಳು. ಕಾಣುತ್ತಿದೆಯೋ ಇಲ್ಲವೋ? ಕೇಳಲು ಧೈರ್ಯ ಸಾಲಲಿಲ್ಲ. ನೈಋತ್ಯದ ನಮ್ಮ ಬೆಟ್ಟಗಳಲ್ಲಿ ಬೆಳಗಿನೊಳಗೆ ಭಾರಿ ಹಿಮ ಎಂದು ನೀನು ಹೇಳುತ್ತಿದ್ದೆ. ಹೇಳಿ ಮುಗಿಸಿದೆ. ನಾವು ಮೂವರೂ ಅವಳನ್ನೇ ನೋಡುತ್ತಿದ್ದೆವು.

"ತೋಳಿಲ್ಲದ ಅಂಗಿ!" ಎಂದಳು. "ಹಳದಿದು! ಹಿಮ ಬರುತ್ತೆ ಅಂತ ಊರಿಗೆಲ್ಲ ಸಾರ್ತಾಳೆ, ತಾನು ನೋಡಿದ್ರೆ ಬರಿತೋಳಲ್ಲಿ ನಿಂತಿದಾಳೆ. ಈ ಹುಡುಗಿಗೆ ಯಾರೂ ಹೇಳೋರಿಲ್ವಾ?"

ಹಳದಿಯೇ ಆಗಿತ್ತು ಸೆಲೀನಾ! ತೋಳೂ ಇರಲಿಲ್ಲ! ನಾವು ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಪ್ರೂದೆನ್ಸಿಯಾ ಅತ್ತಳು, ನಾನು ಅತ್ತೆ. ನಿನ್ನ ಅಜ್ಜಿಗೆ ನಮ್ಮ ಅಳುವಿಗೆ ಪುರುಸೊತ್ತಿರಲಿಲ್ಲ. "ಏನ್ರೋ ಕೂತ್ಕೊಂಡು ಅಳ್ತೀರ? ಅವಳು ಹೇಳಿದ್ದು ಕೇಳಿಸ್ಲಿಲ್ವಾ? ಮೇಲಿನ ಹುಲ್ಲುಗಾವಲಲ್ಲಿ ಮರಿ ಹಾಕಿರೋ ಕುರಿಗಳಿವೆ, ಹೋಗಿ ಇಳಿಸ್ಕೊಂಡು ಬನ್ನಿ" ಎಂದು ಎಬ್ಬಿಸಿದಳು. ಹೊರಗೆ ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ಮೋಡವಿರಲಿಲ್ಲ. "ಅತ್ತೆ, ಬಿಸಿಲಿದೆ" ಎಂದ ಉಬಾಲ್ಡೋ. "ಬಿಸಿಲಿಗೇನು ಗೊತ್ತು? ಅದು ಕಾಲೇಜಿಗೆ ಹೋಗಿತ್ತಾ?" ಎಂದಳು.

ಕುರಿಗಳೆಲ್ಲ ಈಗ ಕೊಟ್ಟಿಗೆಯಲ್ಲಿವೆ. ಜಾಗ ಸಾಲದೆ ಕೆಲವು ಮರಿಗಳು ಅಡುಗೆಮನೆಯ ಒಲೆಯ ಪಕ್ಕದಲ್ಲಿ, ನನ್ನ ಕಾಲ ಬಳಿಯೇ ಮಲಗಿವೆ. ಉಬಾಲ್ಡೋ ಗೊಣಗುತ್ತ ಮೈಗೆ ಅಂಟಿದ ಉಣ್ಣೆ ಕೊಡವಿಕೊಳ್ಳುತ್ತಿದ್ದಾನೆ. ಆಕಾಶ ಇನ್ನೂ ಸ್ವಚ್ಛವಾಗಿಯೇ ಇದೆ. ಹಿಮ ಬಂದರೆ ನೀನು ಗೆದ್ದೆ. ಬಾರದಿದ್ದರೆ ನಾಳೆ ಐದಕ್ಕೆ ಸರಿಯಾದ ಕಾರಣ ಹೇಳಲು ಸಿದ್ಧವಾಗಿರು, ಏಕೆಂದರೆ ಕೇಳಲು ಅವಳು ಕುಳಿತಿರುತ್ತಾಳೆ.

ದೇವರು ನಿನ್ನ ಬಾಯಿಂದ ಸದಾ ನಿಜವಾಗುವ ಮಾತನ್ನೇ ಆಡಿಸಲಿ, ನಿನ್ನ ಮೈ ಬೆಚ್ಚಗಿರಲಿ.

ಕುರಿಮರಿಗಳ ನಡುವಿನಿಂದ,
ನಿನ್ನ ಅತ್ತೆ
ಒರ್ಲಿಂದಾ