ಕಚಗುಳಿ ಇಡುವ ನಲ್ಲಿ

ಅಪ್ಪಾ,

ಪ್ರತಿ ಗೀಸರಿಗೂ ಟೆಸ್ಟರ್ ಹಚ್ಚಿ ನೋಡುತ್ತಿದ್ದ ಸರ್ಕಾರಿ ಇನ್‌ಸ್ಪೆಕ್ಟರ್ ಈಗ ನಮ್ಮ ಅಂಗಡಿಗೆ ಬರುವುದಿಲ್ಲ. "ಪೀಡೆ ಬಂತು, ಚಹಾ ತರಿಸು" ಎನ್ನುತ್ತಿದ್ದೆಯಲ್ಲ, ಅವನೇ. ನೀನು ತೀರಿಕೊಂಡ ವರ್ಷವೇ ಸರ್ಕಾರ, ಗಿರಾಕಿಗಳೇ ನೋಡಿ ಕೊಂಡುಕೊಳ್ಳಲಿ ಎಂದು ತಪಾಸಣೆಯನ್ನು ತೆಗೆದುಹಾಕಿತು. ಎದುರಂಗಡಿಯವನು ಅರ್ಧ ಬೆಲೆಯ ಮಾಲು ತಂದ, ನಾನೂ ಅದನ್ನೇ ತರಿಸಿದೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಟೈಲರಮ್ಮ ನಗುತ್ತಾ ಬಂದರು. "ನಿನ್ನ ಗೀಸರ್ ಭಾರೀ ತುಂಟ ಕಣಪ್ಪಾ. ನಲ್ಲಿ ಮುಟ್ಟಿದ್ರೆ ಕಚಗುಳಿ ಇಡುತ್ತೆ. ಮೊಮ್ಮಗಳಿಗಂತೂ ಅದೇ ಆಟ."

"ಅವಳೆಲ್ಲಿ?"

"ಸ್ನಾನ ಮಾಡ್ತಿದ್ದಾಳೆ."

ಓಡಿಹೋಗಿ ಅವರ ಮನೆಯ ಮೇನ್ ಸ್ವಿಚ್ ಎಳೆದೆ. "ಅಜ್ಜೀ, ಕರೆಂಟ್ ಹೋಯ್ತು" ಎಂದು ಮಗು ಒಳಗಿನಿಂದ ಕೂಗಿತು.

ಹೊರಗೆ ಬಂದು ನೋಡಿದರೆ ಬೀದಿಯುದ್ದಕ್ಕೂ ಬಚ್ಚಲ ಕಿಟಕಿಗಳಲ್ಲಿ ಹಬೆ. ಯಾವ ಯಾವ ಮನೆಗೆ ಮಾರಿದೆನೋ ನೆನಪಾಗುತ್ತಿಲ್ಲ. ಆ ಪೀಡೆಯ ಮನೆ ಎಲ್ಲಿದೆ, ಅಪ್ಪಾ?